ಆಪರೇಟರ್ ಕಾಕಾ ಬರೆದ ಗೋಡೆ

ಮೊನ್ನೆ ಸಿಂಕು ತೊಳೆಯಲೆಂದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ಕೈ ಅಲ್ಲೇ ನಿಂತಿತು. ಹಳೆಯ ಫಿಲ್ಮು ಕೆಟ್ಟರೆ ಹೀಗೇ ನಾರುತ್ತದೆ. ಆಪರೇಟರ್ ಕಾಕಾ ಅವರ ಅಂಗಿಯೂ ಹೀಗೇ ನಾರುತ್ತಿತ್ತು…

ಅಮೆರಿಕದಲ್ಲಿ ನಾವಿದ್ದ ಸನ್ನಿವೇಲ್‌ನಿಂದ ಇಪ್ಪತ್ತು ನಿಮಿಷ ದೂರದ ಊರಲ್ಲಿ ಒಂದು ಹಳೆಯ ಟಾಕೀಸು ಇತ್ತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅಲ್ಲಿ ಕನ್ನಡ ಸಿನಿಮಾ. ಕಾಕಾ ಹುಬ್ಬಳ್ಳಿಯಲ್ಲಿ ರೀಲು ಓಡಿಸಿದವರು. ಮಗಳ ಮನೆಗೆ ಬಂದು ಇಲ್ಲಿಯೂ ಪ್ರೊಜೆಕ್ಟರ್ ಹಿಡಿದರು. ನಾನು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದೆ. ಮದುವೆಯಾಗಿ ಬಂದವಳು, ಓದು ಮೆಟ್ರಿಕ್‌ವರೆಗೆ. ಅಪ್ಪ ಗದಗಿನಲ್ಲಿ ಹತ್ತಿಯ ಅಂಡಿಗೆ ಹೊತ್ತ ಹಮಾಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಮಗನನ್ನು ಡೇಕೇರಿಗೆ ಬಿಟ್ಟು ನಾನು ಆಗಷ್ಟೇ ಕಮ್ಯುನಿಟಿ ಕಾಲೇಜು ಸೇರಿದ್ದೆ.

ಪ್ರೊಜೆಕ್ಟರ್ ಕೋಣೆಯ ಒಂದು ಗೋಡೆಯ ತುಂಬ ಪೆನ್ಸಿಲ್ ಬರಹ. ಹಿಂದಿನ ಆಪರೇಟರುಗಳೆಲ್ಲ ತಮ್ಮ ಕಾಲದ ಸುದ್ದಿ ಗೀಚಿಟ್ಟಿದ್ದರು. ಮೂಕಿ ಚಿತ್ರಕ್ಕೆ ಆರ್ಗನ್ ನುಡಿಸುತ್ತಿದ್ದವನ ಮದುವೆ. ಯುದ್ಧ ಮುಗಿದ ದಿನ ಷೋ ನಿಲ್ಲಿಸಿ ಎಲ್ಲರೂ ಕುಣಿದದ್ದು. ಕೋಣೆಗೆ ಬೆಂಕಿ ಬಿದ್ದದ್ದು. ಆಮೇಲೆ ಜನ ಬರದೆ ವರ್ಷಗಟ್ಟಲೆ ನೀಲಿ ಚಿತ್ರ ಓಡಿಸಿದ್ದು, ಪೊಲೀಸರು ಬಂದು ಬೀಗ ಜಡಿದದ್ದು… ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ. ಅದರ ಕೆಳಗೆ ಕಾಕಾ ಕನ್ನಡದಲ್ಲಿ ಬರೆದರು: "ಇವತ್ತು ಮೂರನೇ ರೀಲ್ ಹರೀತು. ಮಂದಿ ಸೀಟಿ ಹೊಡದ್ರು."

ಒಂದು ದಿನ ಕಟ್ಟಡವನ್ನು ಜಿಮ್ಮಿನವರಿಗೆ ಮಾರುವ ಸುದ್ದಿ ಬಂತು. ಅದನ್ನು ಪಾರಂಪರಿಕ ಕಟ್ಟಡವೆಂದು ಉಳಿಸಬೇಕೋ ಬೇಡವೋ ಎಂದು ಊರಿನ ಸಭೆ ಸೇರುವುದಿತ್ತು. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು.

"ಓದಾಕಿ ನೀ. ನೀನಽ ಬರದು ಮಾತಾಡು ತಂಗಿ," ಅಂದರು ಕಾಕಾ. "ಗೋಡಿ ಮ್ಯಾಲಿದ್ದದ್ದೆಲ್ಲಾ ಬರಿ."

"ಆ ಹೊಲಸು ಸಿನಿಮಾದ್ದೂ ಬರೀಲೇನ್ರಿ ಕಾಕಾ?"

"ಯಾಕ, ಅದು ಬ್ಯಾರೆ ಟಾಕೀಜಿನಾಗ ನಡೀತೇನು?"

ಅದನ್ನು ನಾನು ಬರೆಯಲಿಲ್ಲ. ನಮ್ಮಲ್ಲಿ ಕನ್ಯೆಯ ಬಯೋಡೇಟಾ ಬರೆಯುವುದು ಹೇಗೆ? ಹಾಡು, ಕಸೂತಿ, ಅಡುಗೆ ಎಲ್ಲ ಹಾಕಿ, ಮುರಿದ ನಿಶ್ಚಿತಾರ್ಥವನ್ನು ಮೆಲ್ಲಗೆ ಬಿಡುವುದು. ಅಕ್ಕನದನ್ನು ಹಾಗೆಯೇ ಬರೆದವಳು ನಾನು. ಟಾಕೀಸಿನದನ್ನೂ ಹಾಗೆಯೇ, ಬೆಂಕಿ, ಪೊಲೀಸು ಎಲ್ಲ ಬಿಟ್ಟು ಬರೆದೆ.

ಸಭೆಯಲ್ಲಿ ತಡವರಿಸದೆ ಮಾತಾಡಿದೆ. ಚಪ್ಪಾಳೆ ಬಿತ್ತು. ಆಮೇಲೆ ಬೆಳ್ಳಿಗೂದಲಿನ ಹೆಂಗಸೊಬ್ಬಳು ಎದ್ದು ನಿಂತಳು. ಟಾಕೀಸಿನ ಹಿಂದಿನ ಬೀದಿಯವಳು. ಹುಡುಗಿ ಚೆನ್ನಾಗಿ ಹೇಳಿದಳು, ಆದರೆ ಬೆಂಕಿಯ ಮಾತೆಲ್ಲಿ, ಪೊಲೀಸರ ಮಾತೆಲ್ಲಿ ಎಂದಳು. ಆ ವರ್ಷಗಳಲ್ಲಿ ಮಕ್ಕಳ ಕೈ ಹಿಡಿದು ಆಚೆ ಬದಿಯ ಫುಟ್‌ಪಾತಿಗೆ ದಾಟಿ ಹೋಗುತ್ತಿದ್ದಳಂತೆ. ಇದೆಲ್ಲ ನಿಜವೇ ಎಂದು ಸಭೆಯವರು ನನ್ನನ್ನು ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು. ನನಗೆ ಗೊತ್ತಿದೆಯೆಂಬುದು ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಕಾ ಅವರಿಗೂ ಗೊತ್ತಿತ್ತು.

ಊರಿನ ಹಳಬರು ಇಬ್ಬರು ಮೂವರು ಎದ್ದು, ಅವಳು ಹೇಳಿದ್ದು ನಿಜವೆಂದರು. ಅಲ್ಲಿಂದ ಮುಂದೆ ನಮ್ಮ ಮಾತನ್ನು ಯಾರೂ ನಂಬಲಿಲ್ಲ. ಮುಂಬಾಗಿಲ ಮೇಲಿನ ದೀಪದ ಬೋರ್ಡು ಉಳಿಯಲಿ, ಒಳಗಿನದು ಹೋಗಲಿ ಎಂದು ತೀರ್ಮಾನವಾಯಿತು. ಪಾರ್ಕಿಂಗಿನಲ್ಲಿ ನಾನು ಅಳುತ್ತ ನಿಂತಿದ್ದೆ. ಕಾಕಾ ಬೈಯಲಿಲ್ಲ.

"ನಡುವ ಫಿಲ್ಮ್ ಕತ್ತರಿಸಿದ್ರ ಚಿತ್ರ ಜಿಗೀತದ ತಂಗಿ. ಕುಂತ ಮಂದೀಗೆ ಗೊತ್ತಾಗೇ ಆಗ್ತದ. ನಡಿ, ಚಾ ಕುಡಿಯೂಣು."

ಗೋಡೆ ಒಡೆಯುವ ಮುಂಚೆ ಇಬ್ಬರೂ ಹೋದೆವು. ಕರೆಂಟು ತೆಗೆದಿದ್ದರು. ಕಾಕಾ ಬ್ಯಾಟರಿ ಹಿಡಿದರು. ನಾನು ಕಾಲೇಜಿನ ನೋಟ್‌ಬುಕ್ಕಿನಲ್ಲಿ ಮೇಲಿನಿಂದ ಕೆಳತನಕ ಅಷ್ಟನ್ನೂ ಇಳಿಸಿಕೊಂಡೆ. ಒಂದೊಂದು ಸಾಲು ಮುಗಿದಾಗಲೂ "ಅದನ್ನೂ ಬರದ್ಯಾ?" ಎಂದು ಕೇಳುತ್ತಿದ್ದರು.

ಡಿಗ್ರಿ ಮುಗಿಸಲು ನನಗೆ ಒಂಬತ್ತು ವರ್ಷ ಹಿಡಿಯಿತು. ಕೊನೆಯ ಪ್ರಬಂಧ ಆ ಟಾಕೀಸಿನ ಮೇಲೆ. ಒಂದಕ್ಷರ ಬಿಡಲಿಲ್ಲ. ಎ ಗ್ರೇಡು ಬಂತು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಾಕಾ ಮಾತ್ರ ಅದರ ಹಿಂದಿನ ಚಳಿಗಾಲದಲ್ಲೇ ಹೋಗಿಬಿಟ್ಟರು…

ಈ ವರ್ಷ ಆ ಬೋರ್ಡಿನ ಕೆಳಗೆ ಟಾಕೀಸಿನ ಕಥೆಯ ಒಂದು ಫಲಕ ಹಾಕಿದ್ದಾರೆ. ನನ್ನ ಪ್ರಬಂಧ ನೋಡಿ, ನನ್ನಿಂದಲೇ ಬರೆಸಿದರು. ಪೊಲೀಸರ ಸಾಲು ಬಿಡೋಣವೇ ಎಂದು ಕೇಳಿದರು. ಬಿಡುವುದಾದರೆ ಬೇರೆ ಯಾರಿಂದಾದರೂ ಬರೆಸಿಕೊಳ್ಳಿ ಎಂದೆ. ಬಿಡಲಿಲ್ಲ.

ಕಳೆದ ಶನಿವಾರ ಮಗನನ್ನು ಕರೆದುಕೊಂಡು ಹೋಗಿದ್ದೆ. ಗಾಜಿನಾಚೆ ಜನ ಟ್ರೆಡ್‌ಮಿಲ್ಲಿನ ಮೇಲೆ ಓಡುತ್ತಿದ್ದರು. ಅವನು ಓದುತ್ತ ಓದುತ್ತ ನಕ್ಕ.

"ಅಮ್ಮಾ, ಪೊಲೀಸ್? ರಿಯಲಿ?"

"ಹೂಂ. ಪೂರ್ತಿ ಓದು."

ಕೊನೆಯ ಸಾಲಿಗೆ ಬಂದು ನಿಂತ. ಅದೊಂದು ಕನ್ನಡದಲ್ಲಿತ್ತು, ಅವನಿಗೆ ಓದಲು ಬಾರದು. ನಾನು ಬೆರಳಿಟ್ಟು, ಕಾಕಾ ಅವರ ರಾಗದಲ್ಲೇ, ಗಟ್ಟಿಯಾಗಿ ಓದಿ ಹೇಳಿದೆ: ಇವತ್ತು ಮೂರನೇ ರೀಲ್ ಹರೀತು. ಮಂದಿ ಸೀಟಿ ಹೊಡದ್ರು.

"ಅದನ್ನೂ ಬರದ್ಯಾ?" ಎಂದು ಕೇಳುವವರು ಮಾತ್ರ ಪಕ್ಕದಲ್ಲಿರಲಿಲ್ಲ.