ಟೇಪಕ್ಕ ವೇದಿಕೆಯಲ್ಲಿ ಹೇಳಿದ ಸಾಲು

ನನ್ನ ಅಕ್ಕನನ್ನು ಗಿರಾಕಿಗಳೆಲ್ಲ ಟೇಪಕ್ಕ ಎನ್ನುತ್ತಾರೆ. ಅಳತೆಯ ಟೇಪು ಕೊರಳಲ್ಲಿಲ್ಲದ ಅಕ್ಕನನ್ನು ನಾನೂ ಕಂಡಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ, ಮೆಷಿನ್ನು ಅವಳದು. ಗುಂಡಿ, ಕಾಜಾ, ಇಸ್ತ್ರಿ, ಜಗಳ ನನ್ನದು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದರೆ ಸಾಕು, "ಇದು ಒಗೆದ್ರೆ ಎರಡಿಂಚು ಕುಗ್ಗುತ್ತೆ" ಎನ್ನುವಳು. ತಪ್ಪಿದ್ದೇ ಇಲ್ಲ. ನಮ್ಮ ಅನ್ನ ಇದ್ದದ್ದು ಆ ಬೆರಳುಗಳಲ್ಲಿ.

ಏಳು ವರ್ಷದ ಹಿಂದೆ ಅವಳ ತೂಕ ನೂರಾ ಇಪ್ಪತ್ತೆಂಟು ಕಿಲೋ. ಸಕ್ಕರೆ ಕಾಯಿಲೆ, ಬಿಪಿ. ಒಂದು ಮಹಡಿ ಹತ್ತಲು ಮೂರು ಸಲ ನಿಲ್ಲಬೇಕಿತ್ತು. ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿ ಹಾಕುವ ಆಪರೇಷನ್ ಮಾಡಿಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ಅದು ಅವಳಿಗೆ ಮರುಜನ್ಮ ಕೊಟ್ಟಿತು. ವರ್ಷದೊಳಗೆ ಐವತ್ತು ಕಿಲೋ ಇಳಿದಳು, ಸಕ್ಕರೆ ಹತೋಟಿಗೆ ಬಂತು, ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು.

ಆಗ ವಕ್ಕರಿಸಿದಳು ಆಸ್ಪತ್ರೆಯ ಸಲಹೆಗಾರ್ತಿ. ಬೆಣ್ಣೆಯಂಥ ಮಾತು. "ನೀವು ನನ್ನ ಸ್ವಂತ ಅಕ್ಕನಿಗಿಂತ ಹೆಚ್ಚು" ಎಂದು ತಲೆಯ ಮೇಲೆ ಕೂರಿಸಿಕೊಂಡಳು. ತಿಂಗಳಿಗೊಂದು ಸಭೆ, ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಎನ್ನುವವರ ಮುಂದೆ ಅಕ್ಕ ಮಾತಾಡಬೇಕು. ಮಾತನ್ನು ಅವಳೇ ಬರೆದುಕೊಡುತ್ತಿದ್ದಳು. ಕೊನೆಯ ಸಾಲು: "ಮೊದಲು ದಿನಕ್ಕೆ ಒಂಬತ್ತು ಮಾತ್ರೆ. ಈಗ ಒಂದೂ ಇಲ್ಲ." ಚಪ್ಪಾಳೆ ಬೀಳುತ್ತಿದ್ದದ್ದು ಅಲ್ಲೇ.

ಆದರೆ ಅಕ್ಕ ಆಗ ದಿನವೂ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದಳು. "ಇದನ್ನೂ ಹೇಳ್ಬೇಕಲ್ವಾ?" ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

"ಅದೆಲ್ಲ ಔಷಧಿನಾ ಅಕ್ಕಾ? ಶಕ್ತಿ ಮಾತ್ರೆ ಅಷ್ಟೆ. ಜನ ಸುಮ್ನೆ ಹೆದರ್ಕೋತಾರೆ," ಎಂದಳು ಆ ಮಹಾತಾಯಿ.

ಹೇಳಿ ಹೇಳಿ ಅಕ್ಕನಿಗೇ ಅದು ನಿಜವಾಯಿತು. ಮೂರನೇ ವರ್ಷ ಮಾತ್ರೆ ಬಿಟ್ಟಳು, ರಕ್ತಪರೀಕ್ಷೆಯನ್ನೂ ಬಿಟ್ಟಳು. ಸಭೆಗೆ ಕರೆಯಲು ತಪ್ಪದೆ ಬರುತ್ತಿದ್ದ ಫೋನು ಪರೀಕ್ಷೆಗೆ ಕರೆಯಲು ಒಮ್ಮೆಯೂ ಬರಲಿಲ್ಲ. ನನಗಾದರೂ ಬುದ್ಧಿ ಬೇಡವೇ? ನಾನೂ ಚಪ್ಪಾಳೆ ತಟ್ಟಿಕೊಂಡು ಕೂತಿದ್ದೆ.

ಹೋದ ವರ್ಷ ಗಿರಾಕಿಯೊಬ್ಬರ ಬಿಳಿ ಅಂಗಿಯ ಮೇಲೆ ರಕ್ತ ಕಂಡಿತು. ಮೆಷಿನ್ನಿನ ಸೂಜಿ ಅಕ್ಕನ ಬೆರಳಂಚನ್ನು ಚುಚ್ಚಿತ್ತು. ಅವಳು ಹೊಲಿಯುತ್ತಲೇ ಇದ್ದಳು.

"ನೋವಾಗ್ಲಿಲ್ವೇನೇ?"

"ಗೊತ್ತೇ ಆಗ್ಲಿಲ್ಲ ಕಣೇ."

ಬೇರೊಬ್ಬ ಡಾಕ್ಟರು ಪರೀಕ್ಷಿಸಿ ಹೇಳಿದರು: ಈ ಆಪರೇಷನ್ ಆದವರು ಬದುಕಿರುವವರೆಗೂ ವಿಟಮಿನ್ ತೆಗೆದುಕೊಳ್ಳಬೇಕು, ಅದಿಲ್ಲದೆ ಅಕ್ಕನ ಕೈಕಾಲಿನ ನರಗಳು ಸೊರಗಿವೆ. ಇಂಜೆಕ್ಷನ್ನಿನಿಂದ ಕಾಲು ಸುಧಾರಿಸಿತು. ಬೆರಳ ತುದಿಗೆ ಸ್ಪರ್ಶ ಮರಳಲಿಲ್ಲ. ಈಗ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ, ಕತ್ತರಿ ನಾನು ಹಿಡಿಯುತ್ತೇನೆ, ಗಿರಾಕಿಗಳು ಕಡಿಮೆಯಾಗಿದ್ದಾರೆ.

ಸಲಹೆಗಾರ್ತಿಯ ಬಳಿ ಹೋದೆವು. ಸ್ವಂತ ಅಕ್ಕನಿಗಿಂತ ಹೆಚ್ಚಾದವಳು ಅವತ್ತು 'ಮೇಡಂ' ಆಗಿಬಿಟ್ಟಿದ್ದಳು. "ಡಿಸ್ಚಾರ್ಜ್ ಕಾಗದದಲ್ಲಿ ಎಲ್ಲಾ ಬರೆದಿದೆ ಮೇಡಂ. ನೀವೇ ಸಹಿ ಹಾಕಿದೀರಿ." ನನಗೆ ಮೈಯೆಲ್ಲ ಉರಿದುಹೋಯಿತು, ಇಷ್ಟು ನಯವಾಗಿ ಕೈ ತೊಳೆದುಕೊಂಡವರನ್ನು ನಾನು ಕಂಡಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ.

ಮರುದಿನ ಅಕ್ಕ ಅಳತೆಯ ಪುಸ್ತಕ ತೆರೆದಳು. ಸಭೆಯಲ್ಲಿ ಅವಳ ಮಾತು ಕೇಳಿ ಆಪರೇಷನ್ ಮಾಡಿಸಿಕೊಂಡ ಮೂವರು ಗಿರಾಕಿಗಳು ಅದರಲ್ಲಿದ್ದರು. ಮೊದಲು ಬೇಕರಿಯವಳ ಮನೆಗೆ ಹೋದೆವು. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು. ಪಾದಗಳು ಜೋಮು ಹಿಡಿದಂತಿವೆಯಂತೆ. ವಿಟಮಿನ್ ಬಿಟ್ಟು ವರ್ಷವಾಗಿತ್ತು. ಅಕ್ಕ ಎಲ್ಲವನ್ನೂ ಹೇಳಿ, ಇವತ್ತೇ ಡಾಕ್ಟರ ಹತ್ತಿರ ಹೋಗು ಎಂದಳು.

ಬೇಕರಿಯವಳು ಅವಳ ಮುಖವನ್ನೇ ನೋಡಿದಳು. "ವೇದಿಕೆ ಮೇಲೆ ಮಾತಾಡ್ತಿದ್ರಲ್ಲ, ಆವಾಗ ನೀವು ಆ ಮಾತ್ರೆ ತಗೋತಿದ್ರಾ?"

ಅಕ್ಕ ಸಲಹೆಗಾರ್ತಿಯ ಮೇಲೆ ಹೊರಿಸಬಹುದಿತ್ತು. ಹೊರಿಸಲಿ ಎಂದು ನಾನು ಕಾದೆ.

"ತಗೋತಿದ್ದೆ," ಎಂದಳು.