ಭೀಮಬಾಯಿ ಗಾಳಿಕೋಟೆ ಏರಿದ್ದು

ಮಂಠಾಳದ ಭೀಮಬಾಯಿಗೆ ಐವತ್ತು ದಾಟಿತ್ತು. ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ, ಕೊಟ್ಟದ್ದೂ ಕುರಿ ಸಾಕುವ ಮನೆಗೇ. ಬರಬರುತ್ತ ಮೇಯಿಸುವ ಬಯಲು ಕಡಿಮೆಯಾಗಿ ಹಿಂಡು ಸಣ್ಣದಾಯಿತು. ಅದನ್ನು ಕಾಯಲು ಗಂಡ ಪಂಡರಿ ಒಬ್ಬನೇ ಸಾಕಾದ. ಸುಮ್ಮನೆ ಕೂತು ಉಣ್ಣುವ ಹೆಂಗಸಲ್ಲ ಭೀಮಬಾಯಿ.

ಆ ಹೊತ್ತಿಗೆ ಬಸವಕಲ್ಯಾಣದಲ್ಲಿ ವಿದ್ಯಾವತಿ ಎಂಬುವರು ತಮ್ಮ ಮನೆತನದ ತೊಗರಿ ಗೋದಾಮು ಖಾಲಿ ಬಿದ್ದಿತ್ತೆಂದು ಅದರೊಳಗೆ ಚಿಕ್ಕ ಮಕ್ಕಳಿಗೆ ಆಟದ ಮನೆ ತೆರೆದರು. ಒಳಗೆಲ್ಲ ಗಾಳಿ ತುಂಬಿದ ಆಟಿಕೆಗಳೇ: ಮಾಳಿಗೆಯೆತ್ತರದ ಜಾರುಬಂಡಿ, ತೂರಿಕೊಂಡು ಹೋಗುವ ಸುರಂಗ, ನಡುವೆ ನಾಲ್ಕು ಬುರುಜಿನ ಹಳದಿ ಕೋಟೆ. ಮಕ್ಕಳ ಮೇಲೆ ಕಣ್ಣಿಡಲು ಹೆಂಗಸು ಬೇಕಾಗಿದ್ದಾಳೆಂದು ಕೇಳಿ ಭೀಮಬಾಯಿ ಬಸ್ಸು ಹತ್ತಿದಳು.

“ಕುರಿ ಕಾಯಾಕಿ ಇನ್ನ ಮಂದಿ ಮಕ್ಕಳ್ನ ಕಾಯ್ತಾಳ” ಎಂದು ಪಂಡರಿ ನಕ್ಕ.

ಅವನು ಅಂದದ್ದು ಸುಳ್ಳಾಗಲಿಲ್ಲ. ಆಟದ ಹೊತ್ತು ಮುಗಿದರೂ ಮಕ್ಕಳು ಹೊರಗೆ ಬರುತ್ತಿರಲಿಲ್ಲ. ತಾಯಂದಿರು ಕೂಗಿ ಕೂಗಿ ದಣಿಯುತ್ತಿದ್ದರು. ಒಂದು ದಿನ ಭೀಮಬಾಯಿ ಹಿಂಡನ್ನು ಕರೆಯುವ ಹಾಗೆ ನಾಲಿಗೆ ಹೊರಳಿಸಿ ಉದ್ದಕ್ಕೆ ಕೂಗು ಹಾಕಿದಳು. ಒಬ್ಬರ ಹಿಂದೊಬ್ಬರು, ಬ್ಯಾ ಬ್ಯಾ ಎನ್ನುತ್ತ, ಎಲ್ಲರೂ ಓಡಿ ಬಂದರು. ಅಂದಿನಿಂದ ಅದೇ ರೂಢಿಯಾಯಿತು.

ಆದರೆ ಅವಳು ಮಾತ್ರ ಯಾವ ಆಟಿಕೆಯ ಮೇಲೂ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಮೋಟಾರು ಹಚ್ಚಿದೊಡನೆ ನೆಲಕ್ಕೆ ಬಿದ್ದ ಕೋಟೆ ಬುಸುಗುಡುತ್ತ ಎದ್ದು ನಿಲ್ಲುವುದನ್ನು ಕಂಡರೆ ಅವಳು ಗೋಡೆಗೆ ಸರಿದು ನಿಲ್ಲುತ್ತಿದ್ದಳು.

ಗಯಾಸುದ್ದೀನ್ ಎಂಬ ಮುದುಕರು ಮೊಮ್ಮಗಳು ಆರ್ಜೂಳನ್ನು ಕರೆದುಕೊಂಡು ಮೇಲಿಂದ ಮೇಲೆ ಬರುತ್ತಿದ್ದರು. ನಾಲ್ಕು ವರ್ಷದ ಹುಡುಗಿ. ಅಜ್ಜನ ಜುಬ್ಬಾ ಹಿಡಿದು ಬಾಗಿಲಲ್ಲೇ ಕೂತು, ಬೇರೆ ಮಕ್ಕಳು ಕುಣಿಯುವುದನ್ನು ನೋಡಿ ಹಾಗೇ ಮನೆಗೆ ಹೋಗುತ್ತಿದ್ದಳು. ಮುದುಕರು ಪುಸಲಾಯಿಸಿ ಸೋತಿದ್ದರು. ಒಂದು ಮಧ್ಯಾಹ್ನ ಭೀಮಬಾಯಿ ಅವಳ ಪಕ್ಕಕ್ಕೆ ಹೋಗಿ ಕೂತು, ಒಳಗೆ ಯಾಕೆ ಹೋಗುವುದಿಲ್ಲವೆಂದು ಕೇಳಿದಳು.

“ಅಂಜಿಕಿ ಬರ್ತದ” ಎಂದಳು ಹುಡುಗಿ.

“ನನಗೂ ಬರ್ತದವ್ವ. ಒಮ್ಮಿನೂ ಏರಿಲ್ಲ ನಾ.”

ದೊಡ್ಡವರಿಗೂ ಅಂಜಿಕೆ ಇರುತ್ತದೆಂದು ಆರ್ಜೂಗೆ ಗೊತ್ತಿರಲಿಲ್ಲ. ಅವಳು ಭೀಮಬಾಯಿಯ ಮುಖವನ್ನೇ ನೋಡಿದಳು. ಆಮೇಲೆ ಜುಬ್ಬಾ ಬಿಟ್ಟು ಕೈ ಚಾಚಿದಳು.

“ಹಂಗಾರ ಇಬ್ಬರೂ ಕೂಡಿ ಹೋಗಾಮು, ಬಾ.”

ಭೀಮಬಾಯಿ ಎದ್ದಳು. ಕಾಲುಚೀಲವಿಲ್ಲದೆ ಯಾರೂ ಏರಬಾರದೆಂದು ಅಲ್ಲಿನ ಕಟ್ಟಳೆ. ಜನ್ಮದಲ್ಲಿ ಮೊದಲ ಸಲ ಕಾಲುಚೀಲ ಹಾಕಿಕೊಂಡು, ಸೀರೆಯ ಕಚ್ಚೆ ಬಿಗಿದು, ಹುಡುಗಿಯ ಕೈ ಹಿಡಿದು ಕೋಟೆಯೊಳಗೆ ಕಾಲಿಟ್ಟಳು. ನೆಲ ಕುಸಿಯಿತು. ಇಬ್ಬರೂ ಅಂಗಾತ ಬಿದ್ದರು. ಏಳಲು ಹೋದರೆ ಮತ್ತೆ ಬಿದ್ದರು. ಆರ್ಜೂ ನಗತೊಡಗಿದಳು. ಬಾಗಿಲಲ್ಲಿ ನಿಂತ ಗಯಾಸುದ್ದೀನ್ ಆ ನಗೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಗದ್ದಲ ಕೇಳಿ ಬಂದ ವಿದ್ಯಾವತಿ ಬೆರಗಾದರು. “ಏನ್ ಮಾಡಾಕತ್ತೀರಿ ಭೀಮಬಾಯಿ?”

“ಏಳಾಕ ನೋಡಾಕತ್ತೇನ್ರೀ ಅಕ್ಕಾರ” ಎಂದಳು ಅವಳು, ಕಾಲು ಮೇಲೆ ಮಾಡಿಕೊಂಡೇ.

ವಿದ್ಯಾವತಿ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಕೋಟೆ ಮಾರಿದವರಿಗೆ ಫೋನು ಮಾಡಿ, ದೊಡ್ಡವರೂ ಏರಬಹುದೇ ಎಂದು ವಿಚಾರಿಸಿದರು. ಒಮ್ಮೆಗೆ ನಾಲ್ಕೈದು ಮಂದಿಯಾದರೆ ತೊಂದರೆಯಿಲ್ಲವೆಂದು ಅವರು ಹೇಳಿದರು. ಸೋಮವಾರ ಬೆಳಿಗ್ಗೆ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳ ಸಂಗಡ ಆಡಬಹುದೆಂದು ಸುದ್ದಿ ಹಬ್ಬಿತು. ಮೊದಲು ನಾಚಿದವರೇ ಆಮೇಲೆ ಪಾಳಿಗೆ ಜಗಳವಾಡಿದರು.

ಈ ವರ್ಷ ವಿದ್ಯಾವತಿ ತಮ್ಮ ತವರೂರು ಹುಮನಾಬಾದಿನಲ್ಲೂ ಅಂಥದೇ ಮನೆ ತೆರೆದರು. ರಿಬ್ಬನ್ ಕತ್ತರಿಸಲು ಯಾರನ್ನು ಕರೆಯಬೇಕೆಂದು ಮನೆಯವರೆಲ್ಲ ಯೋಚಿಸುತ್ತಿದ್ದರೆ, ಅವರು ಭೀಮಬಾಯಿಯ ಕೈಗೇ ಕತ್ತರಿ ಕೊಟ್ಟರು. ಅವಳು ರಿಬ್ಬನ್ ಕತ್ತರಿಸಿ, ಓಡಿ ಹೋಗಿ ಎಲ್ಲರಿಗಿಂತ ಮೊದಲು ಜಾರುಬಂಡಿ ಏರಿದಳು.

ಪಂಡರಿಯೂ ಬಂದಿದ್ದ. ತಾನು ನೋಡಲಷ್ಟೇ ಬಂದವನೆಂದು ಗೋಡೆಗೆ ಆತು ನಿಂತಿದ್ದವನನ್ನು ಮಕ್ಕಳು ಎಳೆದೊಯ್ದರು. ಎರಡು ಸಲ ಜಾರುವಷ್ಟರಲ್ಲಿ ಅವನ ರುಮಾಲು ಬಿಚ್ಚಿ ಹೋಯಿತು. ಬಸ್ಸಿಗೆ ಹೊತ್ತಾಯಿತೆಂದು ಭೀಮಬಾಯಿ ಕೆಳಗಿನಿಂದ ಕರೆದಳು.

ರುಮಾಲು ಕಂಕುಳಲ್ಲಿ ಅವುಚಿಕೊಂಡು ಮತ್ತೆ ಮೆಟ್ಟಿಲೇರುತ್ತಿದ್ದ ಪಂಡರಿ ತಿರುಗಿಯೂ ನೋಡಲಿಲ್ಲ. “ಮುಂದಿನ ಬಸ್ಸಿಗಿ ಹೋಗಾಮು ತಗೋ” ಎಂದ.