ಎಲ್ಲ ಪುಟದಲ್ಲೂ ಬೇಲೂರು

ಹೋದ ತಿಂಗಳು ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತಲೆನೋವಿನ ಮುಲಾಮಿನ ಡಬ್ಬಿ ತೆಗೆದರು. ಅವರ ತಲೆನೋವು ಹೋಯಿತೋ ಇಲ್ಲವೋ, ನನಗೆ ಶುರುವಾಯಿತು. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ನಮ್ಮ ಸರ್... ತಾವು ಬರೆದ ಪ್ರೋಗ್ರಾಮ್ ಕೈಕೊಟ್ಟಾಗೆಲ್ಲ ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಹಾಗಾಗಿ ಆ ಹಣೆ ದಿನವಿಡೀ ಮಿಂಚುತ್ತಲೇ ಇರುತ್ತಿತ್ತು.

ಅವರ ಊರು ಹಗರೆ. ಕೇಳಿದವರಿಗೆ ಹೇಳುತ್ತಿದ್ದದ್ದು ಬೇಲೂರು. ಹೊಯ್ಸಳರು ಇವರ ತಾತನನ್ನು ಕೇಳಿಯೇ ದೇವಸ್ಥಾನ ಕಟ್ಟಿಸಿದರು ಅನ್ನುವ ಹಾಗೆ ಮಾತಾಡುತ್ತಿದ್ದರು. ನಮ್ಮ ಚಪ್ಪಲಿ ಮೆಟ್ಟಿಲಲ್ಲೇ ಬಿಡಿಸಿ, ಮಾನಿಟರಿನ ಲೇಸಿನ ಕವರ್ ತೆಗೆಯುವ ಮುಂಚೆ ಕೈಮುಗಿಸುತ್ತಿದ್ದರು. ಕಂಪ್ಯೂಟರಿಗೆ ಅಷ್ಟು ಭಕ್ತಿ ತೋರಿಸಿದ ಮನುಷ್ಯ ಅದು ಹೇಳುವುದನ್ನು ಮಾತ್ರ ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ.

ಆಗ ವಿಕಿ ಅನ್ನುವುದು ನಮ್ಮ ಕಡೆ ಹೊಸದು. ಯಾರು ಬೇಕಾದರೂ ತಿದ್ದಿ ಸೇರಿಸಬಹುದಾದ, ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಪುಟಗಳ ಕಂತೆ. ಸುತ್ತಲಿನ ಊರುಗಳ ಗುಡಿ, ಬಸದಿಗಳ ವಿವರ ಇರುವ ಅಂಥದೊಂದು ವಿಕಿ ಮಾಡಿಕೊಡಿ ಎಂದು ಹಾಸನದ ಟ್ರಸ್ಟೊಂದು ಕೇಳಿತ್ತು. ನಾನು ಹಾರನಹಳ್ಳಿಯಿಂದ ದಿನಾ ಬಂದು ಅಲ್ಲಿ ಟೈಪ್ ಮಾಡುತ್ತಿದ್ದೆ. ಟ್ರಸ್ಟಿನವರು ಒಪ್ಪಿದರೆ ನಿನ್ನ ಕೆಲಸ ಖಾಯಂ ಎಂದು ಸರ್ ಹೇಳಿದ್ದರು. ಅಪ್ಪ ಆಗಲೇ ನನಗೆ ಗಂಡು ನೋಡುತ್ತಿದ್ದರು. ಕೆಲಸ ಖಾಯಂ ಆದರೆ ಒಂದೆರಡು ವರ್ಷ ಮದುವೆ ಸುದ್ದಿ ಎತ್ತಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ.

ಪ್ರತಿ ಊರಿನ ಪುಟದ ಬದಿಯಲ್ಲಿ, ಆ ಊರಲ್ಲಿ ನೋಡುವಂಥದ್ದು ಏನೇನಿದೆ ಎಂದು ತೋರಿಸುವ ಸಣ್ಣ ಚೌಕ ಇರಬೇಕಿತ್ತು. ಅದಕ್ಕೆ ಸರ್ ತಾವೇ ಒಂದು ಪ್ಲಗಿನ್, ಅಂದರೆ ವಿಕಿಗೆ ಅಂಟಿಸುವ ಸಣ್ಣ ಪ್ರೋಗ್ರಾಮ್, ಬರೆದರು. ಆ ಚೌಕವನ್ನು 'ನನ್ನ ವಿಜೆಟ್' ಅನ್ನುವಾಗ ಎದೆ ಉಬ್ಬುತ್ತಿತ್ತು. ಎಲ್ಲ ಊರುಗಳ ರಾಶಿಯಿಂದ ಆಯಾ ಊರಿನದನ್ನು ಫಿಲ್ಟರ್ ಮಾಡಿ ತೋರಿಸುವುದಷ್ಟೇ ಅದರ ಕೆಲಸ. ಬೇಲೂರಿನ ಪುಟದಲ್ಲಿ ಅಚ್ಚುಕಟ್ಟಾಗಿ ಬಂತು. ಹಳೇಬೀಡು ತೆರೆದರೂ ಬೇಲೂರಿನದೇ ಬಂತು. ಬಸ್ತಿಹಳ್ಳಿಯ ಬಸದಿಗಳ ಪಕ್ಕದಲ್ಲೂ ಬೇಲೂರೇ. ನಾನೇ ಬಿಸಿಲಲ್ಲಿ ನಿಂತು ಫೋಟೊ ತೆಗೆದಿದ್ದ ನಮ್ಮ ಹಾರನಹಳ್ಳಿಯ ಸೋಮೇಶ್ವರನ ಗುಡಿ ಇರಬೇಕಾದ ಜಾಗದಲ್ಲಿ ಬೇಲೂರಿನ ಶಿಲಾಬಾಲಿಕೆಯರು ನಿಂತಿದ್ದರು!

"ನಿನ್ನ ಟೈಪಿಂಗ್ ತಪ್ಪು ಕಣಮ್ಮ. ಬೇಲೂರಲ್ಲಿ ಸರಿಯಾಗೇ ಬರ್ತಿದೆಯಲ್ಲ, ವಿಜೆಟ್‌ದು ಏನ್ ತಪ್ಪು?" ಅಂದರು.

ಇಡೀ ಹಾರನಹಳ್ಳಿಯನ್ನು ಮತ್ತೆ ಟೈಪ್ ಮಾಡಿಸಿದರು. ಮತ್ತೆ ಬೇಲೂರೇ ಬಂತು.

ಅವರು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಒಬ್ಬಳೇ ಕೂತು ಜಾಲಾಡಿದೆ. ಆ ವಿಕಿಯಲ್ಲಿ ತೆರೆದ ಪುಟಗಳೆಲ್ಲ ಒಂದರ ಕೆಳಗೊಂದು ಕೂರುತ್ತಿದ್ದವು. ಸರ್ ಮೊದಲ ಪುಟವಾಗಿ ಬೇಲೂರನ್ನೇ ಇಟ್ಟಿದ್ದರಿಂದ ಯಾರು ತೆರೆದರೂ ಎಲ್ಲಕ್ಕಿಂತ ಮೇಲೆ ಬೇಲೂರು. ಅದನ್ನು ಮುಚ್ಚಿ ಹಾರನಹಳ್ಳಿಯೊಂದನ್ನೇ ಉಳಿಸಿದೆ. ಚೌಕದಲ್ಲಿ ನಮ್ಮ ಗುಡಿ ಬಂದು ಕೂತಿತು. ಅಂದರೆ ವಿಜೆಟ್ಟು ತಾನು ಯಾವ ಪುಟದಲ್ಲಿದ್ದೇನೆ ಎಂದು ನೋಡುತ್ತಲೇ ಇರಲಿಲ್ಲ, ಎಲ್ಲರಿಗಿಂತ ಮೇಲೆ ಯಾರು ಕೂತಿದ್ದಾರೆ ಎಂದಷ್ಟೇ ನೋಡಿ ಅವರದನ್ನು ಹಾಡುತ್ತಿತ್ತು. ಥೇಟ್ ಅದನ್ನು ಬರೆದವರ ಹಾಗೆ.

"ಸಾರ್, ಅದು ತಾನಿರೋ ಪುಟದ ಹೆಸರು ಹಿಡ್ಕೋಬೇಕು. ಮೇಲಿನ ಪುಟದ್ದು ಹಿಡ್ಕೊಂಡು ಫಿಲ್ಟರ್ ಮಾಡ್ತಿದೆ" ಎಂದು ತೋರಿಸಹೋದೆ.

ಮುಲಾಮಿನ ಡಬ್ಬಿ ಹೊರಗೆ ಬಂತು. ಸಿಟ್ಟು ಬಂದರೆ ಅವರ ಬಾಯಿಂದ ಹಗರೆಯೂ ಹೊರಗೆ ಬರುತ್ತಿತ್ತು. "ಟೈಪ್ ಮಾಡಕ್ಕೆ ಬಂದೋಳು ಟೈಪ್ ಮಾಡು. ಹಾರನಹಳ್ಳೀಲಿ ಅಂಥದ್ದೇನೈತೆ ಅಂತ ಇಷ್ಟು ಕುಣೀತೀಯ?"

ಟ್ರಸ್ಟಿನವರು ಬಂದ ದಿನ ಸರ್ ಇಸ್ತ್ರಿ ಮಾಡಿದ ಷರ್ಟು ಹಾಕಿ, ತಾವೇ ಮೌಸ್ ಹಿಡಿದು ಕೂತರು. ಬೇಲೂರು ತೋರಿಸಿ, ಆಮೇಲೆ ಹಾರನಹಳ್ಳಿ ತೆರೆದರು. ಸರಿಯಾಗಿ ಬಂತು! "ಟೈಪಿಂಗ್ ತಿದ್ದಿಸಿದ್ಮೇಲೆ ಎಲ್ಲಾ ಸರಿಹೋಯ್ತು ಸಾರ್" ಎಂದು ನನ್ನ ಕಡೆ ಕಣ್ಣು ಹಾಯಿಸಿದರು. ಒಂದು ಗಳಿಗೆ ನನಗೇ ನನ್ನ ಮೇಲೆ ಅನುಮಾನ ಬಂತು...

ಬಂದವರಲ್ಲಿ ಹಿರಿಯರೊಬ್ಬರು ಕೇಳಿದರು. "ನಿಮ್ದು ಹಗರೆ ಅಲ್ವೇನ್ರೀ? ಅದನ್ನೂ ತೋರ್ಸಿ, ನೋಡಣ."

ತೆರೆದರೆ ಬೇಲೂರು. ಹಳೇಬೀಡಿಗೂ ಬೇಲೂರು, ಬಸ್ತಿಹಳ್ಳಿಗೂ ಬೇಲೂರು. ಅವತ್ತು ಸಂಜೆ, ಬಂದವರೆಲ್ಲ ಹೋದ ಮೇಲೆ, ವಿಜೆಟ್ಟಿನ ಫೈಲು ತೆಗೆದು ನೋಡಿದಾಗ ಸರ್ ಜಾಣತನ ಕಂಡಿತು. ತಪ್ಪನ್ನು ಹಾಗೇ ಬಿಟ್ಟು, ಹಾರನಹಳ್ಳಿ ಬಂದರೆ ಮಾತ್ರ ಹಾರನಹಳ್ಳಿ ತೋರಿಸು ಎಂದು ಒಂದು ಸಾಲು ತುರುಕಿದ್ದರು. ನನ್ನ ಬಾಯಿ ಮುಚ್ಚಿಸಲು ಹಾಕಿದ ತೇಪೆ ಅದು. ತಮ್ಮ ಸ್ವಂತ ಊರಿಗೆ ಒಂದು ತೇಪೆ ಹಾಕಬೇಕೆಂದು ಹೊಳೆದಿರಲಿಲ್ಲ.

"ಏನ್ರೀ, ನಿಮ್ಮೂರೇ ನಿಮಗೆ ನೆನಪಿಲ್ವಲ್ರೀ!" ಎಂದು ಪರದೆ ನೋಡುತ್ತಿದ್ದ ಹಿರಿಯರು ನಕ್ಕರು.

"ಎಲ್ಲಾ ಈ ಹುಡುಗಿ ಮಾಡಿದ್ದು ಸಾರ್, ಟೈಪಿಂಗಲ್ಲಿ ಕೆಡಿಸಿಟ್ಟಿದ್ದಾಳೆ" ಅಂದರು ಸರ್, ಒಂದಿಷ್ಟೂ ತಡವರಿಸದೆ.

ಟ್ರಸ್ಟಿನವರು ಎದ್ದು ಹೋದರು, ನನ್ನ ಕೆಲಸವೂ ಹೋಯಿತು. ಸರ್ ಅಷ್ಟಕ್ಕೇ ಸುಮ್ಮನಾಗದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪ್ಪನಿಗೂ ಅದನ್ನೇ ಹೇಳಿದರು. ನಾನು ಎಷ್ಟು ಬಿಡಿಸಿ ಹೇಳಿದರೂ ಅಪ್ಪ, "ಅಷ್ಟು ಓದಿರೋರು ಯಾಕವ್ವ ಸುಳ್ಳು ಹೇಳ್ತಾರೆ?" ಅಂದರು. ಸ್ವಲ್ಪ ದಿನಕ್ಕೆ ಮದುವೆಯಾಯಿತು. ಗಂಡ ಒಳ್ಳೆಯವರೇ, ಅದು ಬೇರೆ ಮಾತು. ಆದರೆ ಆ ಒಂದೆರಡು ವರ್ಷ ನನ್ನದಾಗಬೇಕಿತ್ತು. ಅದನ್ನು ತಿಂದು ತೇಗಿದವರು ಈ ಸರ್. ಸೆಂಟರೂ ಆಮೇಲೆ ಬಾಗಿಲು ಹಾಕಿತಂತೆ. ಕೇಳಿ ನನಗೆ ಅಯ್ಯೋ ಅನಿಸಲಿಲ್ಲ.

ಈಗ ಹಾಸನದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಎಲ್ಲಾದರೂ ಆ ಮನುಷ್ಯ ಸಿಕ್ಕರೆ ಎದುರಿಗೆ ಕೂರಿಸಿ, ತಪ್ಪು ಎಲ್ಲಿತ್ತೆಂದು ಮಕ್ಕಳಿಗೆ ಹೇಳಿಕೊಡುವ ಹಾಗೆ ಅವರಿಗೆ ಬಿಡಿಸಿ ಹೇಳಿ, 'ನಿನ್ನದಲ್ಲ ಕಣಮ್ಮ' ಎಂದು ಅವರ ಬಾಯಿಂದಲೇ ಹೊರಡಿಸಬೇಕು ಅಂದುಕೊಂಡಿದ್ದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಆ ಮಾತುಗಳನ್ನು ಎಷ್ಟು ಸಲ ಹೊಂದಿಸಿಕೊಂಡಿದ್ದೇನೋ...

ಮುಲಾಮಿನ ವಾಸನೆಯ ಆ ಬಸ್ಸು ಹಗರೆಯಲ್ಲಿ ನಿಂತಿತು. ಹಾಲು ಡೇರಿಯ ಗೋಡೆಗೆ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿದ್ದರು. ಫೋಟೊದಲ್ಲೂ ಹಣೆ ಮಿಂಚುತ್ತಿತ್ತು. ಹೆಸರಿನ ಕೆಳಗೆ ದೊಡ್ಡ ಅಕ್ಷರದಲ್ಲಿ 'ಹಗರೆ' ಎಂದಿತ್ತು. ಕೊನೆಗೂ ಯಾರೋ ಸರಿಯಾದ ಊರು ಹಾಕಿದ್ದಾರೆ ಎಂದು ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಅವರಿಗಾಗಿ ಅಲ್ಲ, ಸುಳ್ಳು ಯಾಕೆ ಹೇಳಲಿ? ಅಪ್ಪ ಹೋಗಿ ವರ್ಷಗಳಾದವು, ಈಗ ಇವರೂ ಹೋದರು. ತಪ್ಪು ನನ್ನ ಟೈಪಿಂಗಿನದಲ್ಲ ಎಂದು ಒಪ್ಪಿಸಲು ಇನ್ನು ನನಗೆ ಯಾರೂ ಉಳಿದಿಲ್ಲ.